ರಾತ್ರಿ ರಸ್ತೆ ಕಾಣುತ್ತಿಲ್ಲವೇ? ಕಾರಿನ ಹೆಡ್‌ಲೈಟ್ ದೋಷ ಪತ್ತೆ ಮಾಡುವ ಬಗೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಯಾವ ಕಾರಿನ ಹೆಡ್‌ಲೈಟ್ ಆದರೂ ಚೆನ್ನಾಗಿಯೇ ಇರುವಂತೆ ತೋರುತ್ತದೆ. ಬೀದಿದೀಪ, ಅಂಗಡಿ ದೀಪಗಳ ನಡುವೆ ನಮ್ಮ ಕಾರಿನ ಬೆಳಕಿನ ಪಾಲು ಎಷ್ಟೆಂದು ಗೊತ್ತಾಗುವುದೇ ಇಲ್ಲ. ಸಕಲೇಶಪುರ ದಾಟಿ ದೋಣಿಗಾಲ್ ಕಡೆ ಇಳಿಯುವಾಗ ಅಥವಾ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೊರಟಾಗ ದೀಪದ ನಿಜವಾದ ಯೋಗ್ಯತೆ ತಿಳಿಯುತ್ತದೆ. ಎರಡೂ ಬದಿಗೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್ ಮರಗಳು, ಕೆಳಗೆ ಒದ್ದೆಯಾದ ಡಾಂಬರು. ಬೆಳಕನ್ನು ಹಿಂದಿರುಗಿಸುವ ವಸ್ತುವೇ ಅಲ್ಲಿಲ್ಲ. ತಿರುವಿನಲ್ಲಿ ಆನೆ ನಿಂತಿದ್ದರೂ ಅದರ ಬೂದುಗಪ್ಪು ಮೈ ಕತ್ತಲೆಯಲ್ಲೇ ಬೆರೆತುಹೋಗಿರುತ್ತದೆ.

ಇಂಥ ಪ್ರಯಾಣ ಮುಗಿಸಿ ಬಂದವರು ಮರುದಿನವೇ ಅಂಗಡಿಗೆ ಹೋಗಿ ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡು ಬರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಕೊರತೆ ಬಲ್ಬಿನಲ್ಲಿ ಇರುವುದಿಲ್ಲ. ಬಲ್ಬ್ ಕೊಟ್ಟ ಬೆಳಕು ಮಾಸಿದ ಗಾಜಿನಲ್ಲಿ, ತಪ್ಪಿದ ಕೋನದಲ್ಲಿ, ತುಕ್ಕು ಹಿಡಿದ ವೈರಿನಲ್ಲಿ ಸೋರಿಹೋಗಿರುತ್ತದೆ. ಆ ಸೋರಿಕೆಯನ್ನು ಹುಡುಕದೆ ಹೊಸ ಬಲ್ಬ್ ಹಾಕಿದರೆ ನಮಗೂ ಕಾಣುವುದಿಲ್ಲ, ಎದುರಿನಿಂದ ಬರುವವರಿಗೂ ಕಾಣುವುದಿಲ್ಲ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸೋಣ.

ಕೈ ಹಾಕುವ ಮೊದಲು

ಎಂಜಿನ್ ನಿಲ್ಲಿಸಿ, ದೀಪ ಆರಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಉರಿಯುತ್ತಿರುವ ಹ್ಯಾಲೋಜನ್ ಬಲ್ಬಿನ ಗಾಜು ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ತಾಗಿದರೆ ಚರ್ಮ ಸುಲಿದುಬರುತ್ತದೆ. ರೇಡಿಯೇಟರಿನ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗುತ್ತದೆ, ಬೆರಳು ಮತ್ತು ಬಟ್ಟೆ ಅದರ ಹತ್ತಿರ ಹೋಗಬಾರದು. ನಿಮ್ಮ ಕಾರಿನಲ್ಲಿ ಕ್ಸೆನಾನ್ ಅಂದರೆ ಎಚ್‌ಐಡಿ ದೀಪವಿದ್ದರೆ ಅದನ್ನು ಬಿಚ್ಚಲೇಬೇಡಿ. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರ ಬ್ಯಾಲಸ್ಟ್ (ದೀಪಕ್ಕೆ ವಿದ್ಯುತ್ ಹೊಂದಿಸಿ ಕೊಡುವ ಪೆಟ್ಟಿಗೆ) 20,000 ವೋಲ್ಟಿಗೂ ಮೀರಿದ ವಿದ್ಯುತ್ ಹೊಮ್ಮಿಸುತ್ತದೆ, ಅದು ತರಬೇತಿ ಪಡೆದವರ ಕೆಲಸ.

ಎರಡೂ ದೀಪ ಮಂಕಾಗಿವೆ, ಯಾವಾಗ ಹೀಗಾಯಿತೆಂದೇ ಗೊತ್ತಿಲ್ಲ

ಅತಿ ಹೆಚ್ಚು ಜನ ಹೇಳುವ ತೊಂದರೆ ಇದು. ನಿಧಾನವಾಗಿ ಆಗುವುದರಿಂದ ಕಣ್ಣು ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ.

ಮೊದಲು ದೀಪದ ಹೊರಗಾಜನ್ನು ನೀರು, ಸ್ವಲ್ಪ ಶಾಂಪೂ ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ಲಾರಿಗಳ ಹಿಂದೆ ಶಿರಾಡಿ ಘಾಟಿ ಹತ್ತಿ ಬಂದ ಕಾರಿನ ದೀಪದ ಮೇಲೆ ತೆಳುವಾದ ಕೆಸರಿನ ಪದರ ಕೂತಿರುತ್ತದೆ, ಹಗಲಿನಲ್ಲಿ ಅದು ಎದ್ದು ಕಾಣುವುದಿಲ್ಲ. ಹಾಗೆಯೇ ಮುಂಗಾಜಿನ ಒಳಬದಿಯನ್ನೂ ಒರೆಸಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಉಸಿರಿನ ತೇವ, ಧೂಳು ಎಲ್ಲ ಸೇರಿ ಅಲ್ಲೊಂದು ಜಿಡ್ಡಿನ ಪೊರೆ ಕಟ್ಟುತ್ತದೆ. ಎದುರಿನ ದೀಪ ಬಿದ್ದಾಗ ಇಡೀ ಗಾಜು ಹಾಲು ಬಳಿದಂತೆ ಬೆಳ್ಳಗಾದರೆ ಹೆಡ್‌ಲೈಟನ್ನು ದೂರಬೇಡಿ, ದೋಷ ಈ ಪೊರೆಯದು.

ತೊಳೆದ ಮೇಲೂ ಗಾಜು ಹಳದಿಯಾಗಿ, ಮಬ್ಬಾಗಿ ಉಳಿದರೆ ಮೇಲ್ಮೈ ಹಾಳಾಗಿದೆ ಎಂದರ್ಥ. ನಾವು ಗಾಜು ಎನ್ನುವುದು ಈಗಿನ ಕಾರುಗಳಲ್ಲಿ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಸೂರ್ಯನ ನೇರಳಾತೀತ ಕಿರಣಗಳಿಂದ ಕಾಪಾಡಲು ಅದರ ಮೇಲೊಂದು ಲೇಪವಿರುತ್ತದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಆ ಲೇಪ ಸವೆದು, ಬೆಳಕು ಮುಂದಕ್ಕೆ ಹೋಗುವ ಬದಲು ಎಲ್ಲ ದಿಕ್ಕಿಗೂ ಚೆದುರುತ್ತದೆ. ಇದಕ್ಕೆ ಉಪಾಯ ನೀರುಕಾಗದದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜುವಿಕೆ. 800 ಅಥವಾ 1000 ನಂಬರಿನಿಂದ ಆರಂಭಿಸಿ 2000, 3000ದವರೆಗೆ ಹೋಗಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಪಾರದರ್ಶಕ ಲೇಪ ಹಾಕಬೇಕು. ಈ ಕೊನೆಯ ಲೇಪವನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರಳಿ ಬರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದು ಕೂಡ ಇದೇ ಕಾರಣಕ್ಕೆ ಬಾಳುವುದಿಲ್ಲ. ಕೆಲಸ ಮಾಡಿಸುವಾಗ ಲೇಪ ಹಾಕುತ್ತೀರಾ ಎಂದು ಮೊದಲೇ ಕೇಳಿ.

ಒಳಗಿನ ಹೊಳೆಯುವ ಬಟ್ಟಲನ್ನೂ ಟಾರ್ಚ್ ಹಿಡಿದು ನೋಡಿ. ಅದು ಕಪ್ಪಿಟ್ಟಿದ್ದರೆ ಅಥವಾ ಬೆಳ್ಳಿಬಣ್ಣ ಸಿಪ್ಪೆ ಏಳುತ್ತಿದ್ದರೆ ಯಾವ ಪಾಲಿಶ್‌ನಿಂದಲೂ ಪ್ರಯೋಜನವಿಲ್ಲ. ದೀಪವನ್ನು ಪೂರ್ತಿ ಬದಲಿಸಬೇಕು. ಬಟ್ಟೆ ತೂರಿಸಿ ಅದನ್ನು ಒರೆಸಲು ಮಾತ್ರ ಹೋಗಬೇಡಿ, ಆ ಅಲ್ಯೂಮಿನಿಯಂ ಪದರ ಅಷ್ಟು ತೆಳು.

ಇವೆಲ್ಲ ಸರಿಯಿದ್ದರೆ ಬಲ್ಬ್ ಬಿಚ್ಚಿ ನೋಡಿ. ಹಳೆಯ ಹ್ಯಾಲೋಜನ್ ಬಲ್ಬಿನ ಒಳಗೆ ಬೂದು ಬಣ್ಣದ ಮಸಿ ಕಟ್ಟಿರುತ್ತದೆ, ಉರಿಯುವ ತಂತಿಯ ಸುರುಳಿ ಸ್ವಲ್ಪ ಜೋತುಬಿದ್ದಿರುತ್ತದೆ. ಉರಿಯುತ್ತಿದೆ ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಬೇಡಿ. ಕೆಲವು ನೂರು ರೂಪಾಯಿಯ ಕೆಲಸ, ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಬಲ್ಬಿನ ಗಾಜಿಗೆ ಬೆರಳು ತಾಗಬಾರದು; ಕೈಯ ಜಿಡ್ಡು ಕೂತ ಜಾಗ ವಿಪರೀತ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ. ತಾಗಿದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ಹಾಕಿ.

ಹೊಸ ಬಲ್ಬ್ ಹಾಕಿದರೂ ಬೆಳಕು ಕೆಂಪಗೆ, ಸತ್ತಂತೆ ಇದೆ

ಇಲ್ಲಿ ವೈರಿಂಗನ್ನು ಅನುಮಾನಿಸಬೇಕು. ಹ್ಯಾಲೋಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. 13.5 ವೋಲ್ಟ್ ಸಿಗಬೇಕಾದ ಕಡೆ 12 ಮಾತ್ರ ಸಿಕ್ಕರೆ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾಯವಾಗುತ್ತದೆ. ಹತ್ತು ವರ್ಷ ದಾಟಿದ ಕಾರುಗಳಲ್ಲಿ, ಅದರಲ್ಲೂ ಮಲೆನಾಡಿನ ತೇವದಲ್ಲಿ ಬಾಳಿದ ಕಾರುಗಳಲ್ಲಿ, ಇದು ತೀರಾ ಸಾಮಾನ್ಯ.

ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಸಾಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಓಡಿಸಿ, ಲೋ ಬೀಮ್ ಹಾಕಿ, ಬ್ಯಾಟರಿಯ ಎರಡು ಕಡ್ಡಿಗಳ ನಡುವೆ ಅಳೆಯಿರಿ. 13.8ರಿಂದ 14.4ರ ಆಸುಪಾಸು ಬರಬೇಕು. ಆಮೇಲೆ ಬಲ್ಬಿನ ಹಿಂದೆ ವೈರು ಕೂಡುವ ಪ್ಲಗ್ಗಿನಲ್ಲಿ, ಅಂದರೆ ಕಪ್ಲರಿನಲ್ಲಿ, ಬಲ್ಬ್ ಉರಿಯುತ್ತಿರುವಾಗಲೇ, ಅದೇ ಅಳತೆ ತೆಗೆದುಕೊಳ್ಳಿ. ಎರಡರ ನಡುವೆ ಅರ್ಧ ವೋಲ್ಟಿನ ಒಳಗಿನ ವ್ಯತ್ಯಾಸವಿದ್ದರೆ ವೈರಿಂಗ್ ಚೆನ್ನಾಗಿದೆ. ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಬಲ್ಬ್ ಬಿಚ್ಚಿಟ್ಟು ಖಾಲಿ ಕಪ್ಲರಿನಲ್ಲಿ ಅಳೆದರೆ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ, ಏಕೆಂದರೆ ಕರೆಂಟ್ ಹರಿಯುವಾಗ ಮಾತ್ರ ನಷ್ಟ ಕಾಣುತ್ತದೆ.

ತಡೆ ಎಲ್ಲಿದೆ ಎಂದು ತಿಳಿಯಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಕಪ್ಲರಿನ ಅರ್ತ್ ವೈರಿಗೆ (ಕರೆಂಟನ್ನು ಬಾಡಿಯ ಮೂಲಕ ಬ್ಯಾಟರಿಗೆ ಮರಳಿಸುವ ವೈರ್) ಇಡಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಆ ವೈರನ್ನು ಹಿಂಬಾಲಿಸಿ ಹೋದರೆ ಬಾಡಿಗೆ ಬೋಲ್ಟ್ ಹಾಕಿದ ಒಂದು ಉಂಗುರ ಸಿಗುತ್ತದೆ. ಬೋಲ್ಟ್ ಸಡಿಲಿಸಿದಾಗ ಉಂಗುರದ ಕೆಳಗೆ ಹಸಿರುಮಿಶ್ರಿತ ಬಿಳಿ ಪುಡಿ, ಅದರಡಿ ಕೆಂಪು ತುಕ್ಕು ಕಂಡರೆ ಅಪರಾಧಿ ಅದೇ. ಬ್ಯಾಟರಿಯ ನೆಗೆಟಿವ್ ಕಳಚಿ, ಉಂಗುರ ಮತ್ತು ಬಾಡಿ ಎರಡನ್ನೂ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಒಂದು ತುಂಡು ಉಪ್ಪುಕಾಗದದ ಕೆಲಸ ಇಷ್ಟು ಬೆಳಕು ಮರಳಿ ಕೊಡುವುದನ್ನು ನೋಡಿದರೆ ನಿಜಕ್ಕೂ ಸಂತೋಷವಾಗುತ್ತದೆ.

ಅರ್ತ್ ಸರಿಯಿದ್ದು ಪಾಸಿಟಿವ್ ಕಡೆ ನಷ್ಟವಿದ್ದರೆ ಸ್ವಿಚ್, ರಿಲೇ, ಕಪ್ಲರುಗಳನ್ನು ಒಂದೊಂದಾಗಿ ನೋಡಬೇಕು. ಹೋಲ್ಡರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ ಅಲ್ಲಿಗೇ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗಿ. ಇಂಥ ಕಡೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್ 60/55 ವ್ಯಾಟ್ ಎಂದು ಗೊತ್ತುಮಾಡಿದ್ದಕ್ಕೆ ಕಾರಣವಿದೆ. 100/90 ವ್ಯಾಟಿನ ಬಲ್ಬ್ ಹಾಕಿಸಿದರೆ ಅದೇ ಸಣ್ಣ ವೈರಿನಲ್ಲಿ ಹೆಚ್ಚು ಕರೆಂಟ್ ಹರಿದು, ವೋಲ್ಟೇಜ್ ಇನ್ನಷ್ಟು ಕುಸಿದು, ಹೋಲ್ಡರ್ ಕರಗುತ್ತದೆ.

ಒಂದೇ ಕಡೆಯ ದೀಪ ಮಂಕು, ಅಥವಾ ಒಂದು ಉರಿಯುತ್ತಲೇ ಇಲ್ಲ

ಎರಡೂ ಬಲ್ಬುಗಳನ್ನು ಎಡಬಲಕ್ಕೆ ಅದಲುಬದಲು ಮಾಡಿ. ಮಂಕುತನ ಬಲ್ಬಿನ ಜೊತೆ ಆಚೆ ಬದಿಗೆ ಹೋದರೆ ಬಲ್ಬ್ ಬದಲಿಸಿ. ಇದ್ದಲ್ಲೇ ಉಳಿದರೆ ಆ ಬದಿಯ ಅರ್ತ್ ಅಥವಾ ಕಪ್ಲರ್ ನೋಡಿ. ಎಚ್4 ಬಲ್ಬಿನಲ್ಲಿ ಎರಡೂ ಸುರುಳಿಗಳು ಒಟ್ಟಿಗೆ ಸಣ್ಣಗೆ ಕೆಂಪಾಗಿ ಉರಿಯುತ್ತಿದ್ದರೆ ಅರ್ತ್ ಕಡಿದಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಪೂರ್ತಿ ಉರಿಯದಿದ್ದರೆ ಫ್ಯೂಸ್. ಅನೇಕ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಇರುತ್ತದೆ. ಅದೇ ಆಂಪಿಯರಿನದನ್ನೇ ಹಾಕಿ. ಹೊಸ ಫ್ಯೂಸೂ ತಕ್ಷಣ ಹೋದರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಇಲಿ ಕಡಿದ ವೈರ್ ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರುಗಳಲ್ಲಿ ಅಪರೂಪವೇನಲ್ಲ. ತಾಮ್ರದ ತಂತಿ ಸುತ್ತಿ ಓಡಿಸುವ ಸಾಹಸ ಖಂಡಿತ ಬೇಡ. ಕಂಪನಿಯಿಂದಲೇ ಬಂದ ಎಲ್‌ಇಡಿ ದೀಪವಾದರೆ ಬದಲಿಸಲು ಬಲ್ಬೇ ಇರುವುದಿಲ್ಲ. ಫ್ಯೂಸ್ ನೋಡಿ ಸೀದಾ ಸರ್ವಿಸ್ ಸೆಂಟರಿಗೆ ಹೋಗಿ, ವಾರಂಟಿ ಉಳಿದಿದೆಯೇ ಕೇಳಿ.

ಆಕ್ಸಿಲರೇಟರ್ ಒತ್ತಿದರೆ ಬೆಳಗುತ್ತದೆ, ಬಿಟ್ಟರೆ ಕುಗ್ಗುತ್ತದೆ

ದೀಪವನ್ನು ಬಿಟ್ಟು ಬ್ಯಾಟರಿ ಮತ್ತು ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಬನ್ನಿ. ಬೆಲ್ಟ್ ಸಡಿಲವಾಗಿದೆಯೇ, ಬ್ಯಾಟರಿ ಕಡ್ಡಿಗಳಲ್ಲಿ ಬಿಳಿ ಪುಡಿ ಕೂತಿದೆಯೇ ನೋಡಿ. ಎಂಜಿನ್ ಓಡುವಾಗಲೂ ಮೀಟರ್ 13 ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಅಂಥ ಕಾರಿನಲ್ಲಿ ರಾತ್ರಿ ಘಾಟಿಗೆ ಇಳಿಯಬೇಡಿ, ದೀಪ ಮೊದಲು ಕುಗ್ಗಿ ಆಮೇಲೆ ಎಂಜಿನ್ನೇ ನಿಲ್ಲಬಹುದು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬುಗಳು ಪದೇ ಪದೇ ಸುಡುವುದಕ್ಕೂ ಅದೇ ಕಾರಣ. ಹಳ್ಳಕೊಳ್ಳದಲ್ಲಿ ಮಾತ್ರ ಮಿನುಗಿದರೆ ಕಪ್ಲರ್ ಸಡಿಲ.

ಹತ್ತಿರ ಬೆಳಕಿದೆ, ದೂರ ಕತ್ತಲು. ಅಥವಾ ಎದುರಿನವರೆಲ್ಲ ದೀಪ ಮಿಟುಕಿಸುತ್ತಾರೆ

ಇವೆರಡೂ ಒಂದೇ ದೋಷದ ಎರಡು ಮುಖ: ದೀಪದ ಕೋನ ತಪ್ಪಿದೆ. ಬಲ್ಬಿಗೆ ಹಣ ಹಾಕುವ ಮೊದಲು ಎಲ್ಲರೂ ಇದನ್ನು ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ, ಏಕೆಂದರೆ ಇದಕ್ಕೆ ಒಂದು ಪೈಸೆಯೂ ಬೇಡ.

ಸ್ಟೀರಿಂಗ್ ಪಕ್ಕದಲ್ಲಿ 0ಯಿಂದ 3ರವರೆಗೆ ಅಂಕಿ ಬರೆದ ಸಣ್ಣ ಚಕ್ರವಿದೆಯೇ ನೋಡಿ. 0 ಎಂದರೆ ದೀಪ ಅತಿ ಮೇಲೆ, ಚಾಲಕ ಒಬ್ಬನೇ ಇದ್ದಾಗ. ಹಿಂದೆ ಜನ ಕೂತಾಗ, ಡಿಕ್ಕಿಯಲ್ಲಿ ಕಾಫಿ ಮೂಟೆ ಹೇರಿದಾಗ ಕಾರಿನ ಮೂತಿ ಮೇಲೇಳುವುದರಿಂದ ಅಂಕಿ ಹೆಚ್ಚಿಸಿ ದೀಪ ತಗ್ಗಿಸಬೇಕು. ಯಾರೋ ಸರ್ವಿಸ್ ಮಾಡುವಾಗ 3ಕ್ಕೆ ತಿರುಗಿಸಿ ಬಿಟ್ಟ ಕಾರನ್ನು ವರ್ಷಗಟ್ಟಲೆ ಹಾಗೆಯೇ ಓಡಿಸುವವರಿದ್ದಾರೆ.

ಚಕ್ರ ಸರಿಯಿದ್ದರೆ ಗೋಡೆಯ ಪರೀಕ್ಷೆ. ಟೈರುಗಳಿಗೆ ಸರಿಯಾದ ಗಾಳಿ ಇರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ಸಮತಟ್ಟಾದ ನೆಲದಲ್ಲಿ ಗೋಡೆಗೆ ನೇರವಾಗಿ 5 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ. ನೆಲದಿಂದ ದೀಪದ ನಡುಬಿಂದುವಿನ ಎತ್ತರ ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಗುರುತು ಹಾಕಿ. ಲೋ ಬೀಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಅಂದರೆ ನೂರಕ್ಕೆ ಒಂದರಷ್ಟು ಇಳಿಜಾರು. ಕೆಲವು ಕಾರುಗಳಲ್ಲಿ ದೀಪದ ಪೆಟ್ಟಿಗೆಯ ಮೇಲೆಯೇ ಈ ಶೇಕಡಾವಾರು ಅಂಕಿ ಅಚ್ಚಾಗಿರುತ್ತದೆ, ಇದ್ದರೆ ಅದನ್ನೇ ಅನುಸರಿಸಿ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಬೆಳಕಿನ ಅಂಚು ಎಡಕ್ಕೆ ಸ್ವಲ್ಪ ಮೇಲೇರಿ ರಸ್ತೆಯ ಬದಿಯನ್ನು ತೋರಿಸಬೇಕು, ಬಲಕ್ಕೆ ತಗ್ಗಿಯೇ ಇರಬೇಕು. ಬಲಕ್ಕೆ ಏರಿದ್ದರೆ ಬಲಬದಿ ಸಂಚಾರದ ದೇಶಕ್ಕೆ ತಯಾರಾದ ದೀಪವನ್ನು ಹಾಕಿದ್ದಾರೆ. ಅದನ್ನು ತಿರುಪಿನಿಂದ ಸರಿಮಾಡಲು ಆಗುವುದಿಲ್ಲ.

ಸಮತಟ್ಟು ಜಾಗ ಹುಡುಕುವುದೇ ಮಲೆನಾಡಿನಲ್ಲಿ ಕಷ್ಟ. ಮನೆ ಮುಂದಿನ ಕಾಫಿ ಕಣವೇ ಇದೆಯಲ್ಲ ಎನಿಸಬಹುದು. ಕಣಕ್ಕೆ ಮಳೆನೀರು ಹರಿದುಹೋಗಲೆಂದು ಸಾಮಾನ್ಯವಾಗಿ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಅದೊಂದೇ ಈ ಅಳತೆಯನ್ನು ಕೆಡಿಸಲು ಸಾಕು. ಕಲ್ಯಾಣ ಮಂಟಪದ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಮೊದಲೇ ಹೇಳಿ ಅನುಮತಿ ಪಡೆದು ಮಾಡಿ. ದೀಪದ ಹಿಂಬದಿಯ ತಿರುಪುಗಳನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ನೋಡಿ. ತಿರುಪು ತಿರುಗಿದರೂ ಬೆಳಕು ಕದಲದಿದ್ದರೆ ಒಳಗಿನ ಪ್ಲಾಸ್ಟಿಕ್ ಕೊಂಡಿ ಮುರಿದಿದೆ, ಒಮ್ಮೆ ಗುದ್ದಿಸಿಕೊಂಡ ಕಾರಿನಲ್ಲಿ ಹೀಗಾಗುತ್ತದೆ. ಅಲ್ಲಿಂದ ಮುಂದೆ ಗ್ಯಾರೇಜಿಗೆ ಬಿಡಿ.

ಎಲ್‌ಇಡಿ ಹಾಕಿಸಿದ ಮೇಲೆ ಮಳೆಯಲ್ಲಿ ಏನೂ ಕಾಣುತ್ತಿಲ್ಲ

ಹ್ಯಾಲೋಜನ್ ದೀಪದ ಬಟ್ಟಲನ್ನು, ಸುರುಳಿ ಎಲ್ಲಿರುತ್ತದೋ ಆ ಬಿಂದುವನ್ನು ಲೆಕ್ಕ ಹಾಕಿಯೇ ರೂಪಿಸಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವ ಜಾಗ, ಆಕಾರ ಎರಡೂ ಬೇರೆ. ಹಾಗಾಗಿ ಬೆಳಕು ಬೇಕಾದ ದೂರಕ್ಕೆ ಸೇರದೆ ಬಂಪರಿನ ಮುಂದೆ ರಾಶಿ ಬೀಳುತ್ತದೆ, ಉಳಿದದ್ದು ಎದುರಿನವರ ಕಣ್ಣಿಗೆ ಹೋಗುತ್ತದೆ. ಮುಂದಿನ ಹತ್ತು ಮೀಟರ್ ಅತಿಯಾಗಿ ಬೆಳಗಿದರೆ ನಮ್ಮ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲೆ ಇನ್ನಷ್ಟು ಗಾಢವಾಗುತ್ತದೆ. ಬೆಳ್ಳಗೆ ಹೊಳೆಯುವ ರಸ್ತೆ ಕಂಡು ದೀಪ ಚೆನ್ನಾಗಿದೆ ಎಂದು ಮನಸ್ಸು ನಂಬುತ್ತದೆ, ಅಪಾಯ ಇರುವುದು ಅಲ್ಲೇ. ಹಳೆಯ ಹ್ಯಾಲೋಜನ್ ಬಲ್ಬನ್ನೇ ಮತ್ತೆ ಹಾಕಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿನಲ್ಲಿ ಹೋಗಿ ನೋಡಿ. ಎದುರಿನವರ ಕಣ್ಣು ಕುಕ್ಕುವ ದೀಪವನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಒಪ್ಪುವುದಿಲ್ಲ.

ಮಳೆಯದೇ ಒಂದು ಗುಣವೂ ಇದರಲ್ಲಿ ಸೇರಿದೆ. ಒಣ ಡಾಂಬರು ಬೆಳಕನ್ನು ಚೆದುರಿಸಿ ಸ್ವಲ್ಪ ನಮ್ಮ ಕಡೆಗೂ ಕಳಿಸುತ್ತದೆ. ನೀರು ನಿಂತ ಡಾಂಬರು ಕನ್ನಡಿಯಂತೆ ವರ್ತಿಸಿ ನಮ್ಮ ಬೆಳಕನ್ನೆಲ್ಲ ಮುಂದಕ್ಕೆ ಎಸೆದುಬಿಡುತ್ತದೆ. ಮಳೆ ರಾತ್ರಿ ಯಾವ ದೀಪವೂ ಸಾಲದು ಎನಿಸುವುದು ಸಹಜ, ಅದಕ್ಕೆ ರಿಪೇರಿ ಇಲ್ಲ, ವೇಗ ಇಳಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕಿಗೆ ಕಾಲು ಹೋಗುವಷ್ಟರಲ್ಲೇ ಕಾರು ಸುಮಾರು 25 ಮೀಟರ್ ಮುಂದೆ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ಅಥವಾ ಹೆಚ್ಚು ಬೇಕು. ಸಾಧಾರಣ ಲೋ ಬೀಮ್ ತೋರಿಸುವುದೇ 50–60 ಮೀಟರ್.

ಮಂಜಿನಲ್ಲಿ ಮುಂದೆ ಬಿಳಿ ಗೋಡೆ ನಿಂತಂತಾಗುತ್ತದೆ

ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ ಇದು ದಿನನಿತ್ಯದ ಅನುಭವ. ಹೈ ಬೀಮ್ ಹಾಕಿದ್ದರೆ ಆರಿಸಿ, ಲೋ ಬೀಮ್ ಸಾಕು. ಹಳದಿ ದೀಪ ಮಂಜನ್ನು ಸೀಳುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತವೆ. ಫಾಗ್ ಲ್ಯಾಂಪ್ ನೆರವಾಗುವುದು ಅದು ತಗ್ಗಿನಲ್ಲಿದ್ದು, ಅಗಲವಾಗಿ, ಮೇಲಕ್ಕೆ ಹೋಗದಂತೆ ಬೆಳಕು ಚೆಲ್ಲುವುದರಿಂದ. ಅದನ್ನು ಬಂಪರಿನ ಮೇಲೆ ಎತ್ತರಕ್ಕೆ ಕಟ್ಟಿಸಿದರೆ ಆ ಗುಣವೇ ಹೋಗುತ್ತದೆ. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಓಡಿಸುವುದೂ ಸರಿಯಲ್ಲ, ನೀವು ಎತ್ತ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ.

ದೀಪದೊಳಗೆ ನೀರಾವಿ

ಬೆಳಿಗ್ಗೆ ತೆಳ್ಳಗೆ ಕಟ್ಟಿ, ದೀಪ ಹಾಕಿ ಅರ್ಧ ಗಂಟೆಯಲ್ಲಿ ಮಾಯವಾದರೆ ಚಿಂತೆ ಬೇಡ. ದೀಪಕ್ಕೆ ಉಸಿರಾಡಲು ಕಿಂಡಿಗಳಿರುತ್ತವೆ. ಹನಿಯಾಗಿ ಇಳಿದು ತಳದಲ್ಲಿ ನೀರು ನಿಂತರೆ ಹಿಂಬದಿಯ ರಬ್ಬರ್ ಮುಚ್ಚಳ ಹಾಕಿದೆಯೇ ನೋಡಿ. ಬಲ್ಬ್ ಬದಲಿಸಿದವರು ಅದನ್ನು ಸರಿಯಾಗಿ ಕೂರಿಸದೆ ಬಿಡುವುದುಂಟು. ಮುಚ್ಚಳ ಸರಿಯಿದ್ದರೆ ಗಾಜಿನ ಸುತ್ತಲಿನ ಅಂಟು ಬಿಟ್ಟಿದೆ. ಉಸಿರುಕಿಂಡಿಗಳಿಗೆ ಸಿಲಿಕೋನ್ ಮೆತ್ತಿ ಮುಚ್ಚಬೇಡಿ, ಒಳಗಿನ ತೇವ ಅಲ್ಲೇ ಉಳಿದು ಬಟ್ಟಲು ಹಾಳಾಗುತ್ತದೆ.

ದೀಪ ಎಲ್ಲ ಸರಿಯಿದೆ, ಆದರೂ ಕಾಣುವುದಿಲ್ಲ

ಬೇರೊಬ್ಬರನ್ನು ಅದೇ ಕಾರಿನಲ್ಲಿ ಅದೇ ರಸ್ತೆಯಲ್ಲಿ ಕೂರಿಸಿ ಕೇಳಿ. ಅವರಿಗೆ ಚೆನ್ನಾಗಿ ಕಂಡರೆ ಕಣ್ಣಿನ ವೈದ್ಯರ ಬಳಿ ಹೋಗುವ ಸಮಯ ಬಂದಿದೆ. ಎದುರಿನ ದೀಪದ ಸುತ್ತ ಬಳೆಯಂತೆ ವರ್ತುಲ ಕಾಣುವುದು, ಎದುರಿನ ವಾಹನ ಹೋದ ಮೇಲೂ ಬಹಳ ಹೊತ್ತು ಕಣ್ಣು ಕತ್ತಲೆಗೆ ಹೊಂದದಿರುವುದು ಕಣ್ಣಿನ ಪೊರೆಯ ಲಕ್ಷಣವಿರಬಹುದು. ಮನೆಯ ಹಿರಿಯರು ರಾತ್ರಿ ಗಾಡಿ ಓಡಿಸಲು ಹಿಂಜರಿಯುತ್ತಿದ್ದರೆ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಎರಡು ಕಾರುಗಳ ದೀಪದಲ್ಲಿ ಯಾವುದು ಉತ್ತಮ ಎಂದು ತಿಳಿಯುವುದು

ಎಲ್ಲ ದುರಸ್ತಿಯ ನಂತರವೂ ತೃಪ್ತಿಯಾಗದೆ ಬೇರೆ ಕಾರಿನ ಯೋಚನೆ ಬಂದರೆ ಬೆಲೆಯನ್ನೋ ಎಲ್‌ಇಡಿ ಎಂಬ ಹೆಸರನ್ನೋ ನೆಚ್ಚಬೇಡಿ. ಅಮೆರಿಕದ ಐಐಎಚ್‌ಎಸ್ ಎಂಬ ಸುರಕ್ಷತಾ ಸಂಸ್ಥೆ 2016ರಲ್ಲಿ ಮಧ್ಯಮ ಗಾತ್ರದ 31 ಕಾರುಗಳ ಹೆಡ್‌ಲೈಟ್ ಪರೀಕ್ಷಿಸಿದಾಗ ‘ಉತ್ತಮ’ ಎನಿಸಿಕೊಂಡದ್ದು ಒಂದೇ ಕಾರು. ದುಬಾರಿ ಕಾರುಗಳೂ ಹಿಂದೆ ಬಿದ್ದವು. ಅವರು ನೇರ ರಸ್ತೆಯಲ್ಲೂ ಎಡಬಲ ತಿರುವುಗಳಲ್ಲೂ ಬೆಳಕು (ಅದರ ಅಳತೆ ಲಕ್ಸ್) 5 ಲಕ್ಸ್‌ಗೆ ಇಳಿಯುವ ದೂರವನ್ನು ಅಳೆಯುತ್ತಾರೆ, ಜೊತೆಗೆ ಎದುರಿನವರಿಗೆ ಎಷ್ಟು ಕುಕ್ಕುತ್ತದೆ ಎಂಬುದನ್ನೂ.

ತೋಟದ ಖಾಸಗಿ ರಸ್ತೆಯಲ್ಲಿ ಅದೇ ಮಾದರಿಯಲ್ಲಿ ನಾವೂ ಹೋಲಿಸಬಹುದು. ಬೆಳದಿಂಗಳಿಲ್ಲದ ರಾತ್ರಿ ಆರಿಸಿಕೊಳ್ಳಿ. ಕೋಲಿಗೆ ಹಳೆಯ ಗೋಣಿಚೀಲ ಸಿಕ್ಕಿಸಿ, ರಸ್ತೆಯ ಎಡ ಅಂಚಿನಲ್ಲಿ ಹತ್ತು ಹತ್ತು ಮೀಟರ್ ಹಿಂದೆ ಸರಿಸುತ್ತ ಹೋಗಿ. ಚಾಲಕನಿಗೆ ಅದು ಕಾಣದಾದ ದೂರವನ್ನು ಬರೆದುಕೊಳ್ಳಿ. ಬಲ ಅಂಚಿನಲ್ಲೂ ಒಂದು ತಿರುವಿನಲ್ಲೂ ಹೀಗೆಯೇ ಮಾಡಿ. ಎರಡೂ ಕಾರಿಗೆ ಒಂದೇ ರಾತ್ರಿ, ಒಬ್ಬನೇ ಚಾಲಕ ಇರಬೇಕು. ಮೊಬೈಲಿನ ಲಕ್ಸ್ ಆ್ಯಪ್ ಬಳಸುವುದಾದರೆ ಒಂದೇ ಫೋನಿನಲ್ಲಿ ಎರಡನ್ನೂ ಅಳೆಯಿರಿ, ಫೋನಿನಿಂದ ಫೋನಿಗೆ ಅಂಕಿ ಬದಲಾಗುತ್ತದೆ. ಶೋರೂಮಿನವರನ್ನೂ ರಾತ್ರಿ ಏಳರ ನಂತರ, ಬೀದಿದೀಪವಿಲ್ಲದ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಕೊಡಿ ಎಂದು ಕೇಳಿ. ನೀವು ಕೊಳ್ಳುವ ವೇರಿಯಂಟ್‌ನಲ್ಲೇ ಓಡಿಸಿ, ಏಕೆಂದರೆ ಒಂದೇ ಮಾದರಿಯ ಕೆಳದರ್ಜೆಗೂ ಮೇಲ್ದರ್ಜೆಗೂ ದೀಪವೇ ಬೇರೆ ಇರುತ್ತದೆ. ಕೊನೆಗೆ ನೀವು ಕೆಳಗಿಳಿದು 50 ಮೀಟರ್ ಮುಂದೆ, ಎದುರು ವಾಹನ ಬರುವ ಬದಿಯಲ್ಲಿ ನಿಂತು, ಲೋ ಬೀಮ್ ಹಾಕಿದ ಆ ಕಾರಿನ ಕಡೆಗೊಮ್ಮೆ ನೋಡಿ. ಅದರ ಪಕ್ಕದ ರಸ್ತೆಯಂಚು ನಿಮಗೆ ಕಾಣುತ್ತಿದ್ದರೆ ಆ ದೀಪವನ್ನು ಒಪ್ಪಬಹುದು.